ಬೀಗ ಯಾವ ಬಾಗಿಲಿಗಿದೆ ನೋಡಿ: ಅಧ್ಯಕ್ಷರ ಅವಧಿ ಮಿತಿಯ ಜಗಳವನ್ನು ಓದುವ ಬಗೆ

ನಾನು ಗದಗಿನವನು. ಆಫ್‌ಸೆಟ್ ಮೆಷಿನ್ ರಿಪೇರಿ ನನ್ನ ಕೆಲಸ. 2015ರಿಂದ 2019ರವರೆಗೆ ಉಗಾಂಡಾದ ಕಂಪಾಲಾದಲ್ಲಿದ್ದೆ, ನಾಸರ್ ರೋಡಿನ ಒಂದು ಪ್ರೆಸ್ಸಿನಲ್ಲಿ. ನಾಸರ್ ರೋಡ್ ಅಂದರೆ ಅಲ್ಲಿನ ಮುದ್ರಣದ ಬೀದಿ. ಮದುವೆ ಕಾರ್ಡಿನಿಂದ ಹಿಡಿದು ಚುನಾವಣೆ ಪೋಸ್ಟರ್‌ವರೆಗೆ ಎಲ್ಲ ಅಲ್ಲಿ ಅಚ್ಚಾಗುತ್ತದೆ. ಗದಗಿನ ಪ್ರೆಸ್ಸುಗಳ ನಡುವೆ ಬೆಳೆದವನಿಗೆ ಆ ಇಂಕಿನ ವಾಸನೆಯೇ ಸಾಕಿತ್ತು, ಎರಡೇ ದಿನಕ್ಕೆ ಹೊಂದಿಕೊಂಡೆ.

2017ರಲ್ಲಿ ಅಲ್ಲಿ ಸಂವಿಧಾನ ತಿದ್ದುಪಡಿಯ ದೊಡ್ಡ ಜಗಳ ನಡೆಯಿತು. ಈಗಲೂ ಆಫ್ರಿಕಾದ ಯಾವುದೋ ದೇಶದಲ್ಲಿ ಅಧ್ಯಕ್ಷರು ಇನ್ನೊಂದು ಅವಧಿ ಕೇಳುತ್ತಿದ್ದಾರೆ ಅಂತ ಸುದ್ದಿ ಬಂದರೆ ನನಗೆ ಫೋನ್ ಬರುತ್ತದೆ. ಪರೀಕ್ಷೆಗೆ ಓದುವ ಅಕ್ಕನ ಮಗ ಕೇಳುತ್ತಾನೆ. ಕೆಲಸಕ್ಕೆ ಅಲ್ಲಿಗೆ ಹೊರಟ ಹುಡುಗರು ಕೇಳುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: "ಅಲ್ಲಿನ ಜನ ಯಾಕೆ ಸುಮ್ನಿದ್ದಾರೆ?" ಜನ ಸುಮ್ನಿರಲಿಲ್ಲ. ಅವರು ಏನೇನು ಮಾಡಿದರು ಅನ್ನುವುದು ಕಾಣಬೇಕಾದರೆ ಸುದ್ದಿಯನ್ನು ಓದುವ ಒಂದು ರೀತಿ ಇದೆ. ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಂವಿಧಾನದ ಆ ಪುಟ ತೆಗೆಯಿರಿ

ಪತ್ರಿಕೆ ಆಮೇಲೆ ಓದಿ. ಮೊದಲು ಸಂವಿಧಾನದಲ್ಲಿ ಏನಿದೆ ನೋಡಿ. ಬಹುತೇಕ ದೇಶಗಳ ಸಂವಿಧಾನ ಈಗ ಫೋನಿನಲ್ಲೇ ಸಿಗುತ್ತದೆ. ನಾನು ಮಾತ್ರ ಕಂಪಾಲಾದ ಫುಟ್‌ಪಾತಿನಲ್ಲಿ ಒಂದು ಹಳೆಯ ಪ್ರತಿ ಕೊಂಡಿದ್ದೆ.

ಉಗಾಂಡಾದ ಸಂವಿಧಾನ 1995ರದ್ದು. ಅದರಲ್ಲಿ ಅಧ್ಯಕ್ಷರಿಗೆ ಎರಡು ಮಿತಿ ಇದ್ದವು. ಒಂದು, 105ನೇ ವಿಧಿಯ ಎರಡನೇ ಉಪವಿಧಿ: ಎರಡು ಸಲಕ್ಕಿಂತ ಜಾಸ್ತಿ ಆಯ್ಕೆಯಾಗುವಂತಿಲ್ಲ. ಇನ್ನೊಂದು, 102ನೇ ವಿಧಿ: ವಯಸ್ಸು 35ಕ್ಕಿಂತ ಕಡಿಮೆ ಇರಬಾರದು, 75 ದಾಟಿರಬಾರದು. ಅಧ್ಯಕ್ಷ ಯೊವೇರಿ ಮುಸೆವೆನಿ 1986ರ ಜನವರಿಯಿಂದ ಅಧಿಕಾರದಲ್ಲಿದ್ದವರು. 1996 ಮತ್ತು 2001ರ ಚುನಾವಣೆ ಗೆದ್ದರು. ಮೊದಲ ಮಿತಿಯ ಪ್ರಕಾರ 2006ಕ್ಕೆ ಮುಗಿಯಬೇಕಿತ್ತು. 2005ರಲ್ಲಿ ಸಂಸತ್ತು ಆ ಮಿತಿಯನ್ನೇ ತೆಗೆದುಹಾಕಿತು. ಉಳಿದದ್ದು ವಯಸ್ಸಿನ ಮಿತಿ. ಅವರು ಹುಟ್ಟಿದ್ದು 1944ರಲ್ಲಿ. 2021ರ ಚುನಾವಣೆ ಹೊತ್ತಿಗೆ 75 ದಾಟುತ್ತಿತ್ತು. ಹಾಗಾಗಿ 2017ರಲ್ಲಿ ಎರಡನೇದಕ್ಕೂ ಕೈ ಹಾಕಿದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬಹಳಷ್ಟು ಸಂವಿಧಾನಗಳಲ್ಲಿ ಎಲ್ಲ ವಿಧಿಗೂ ಒಂದೇ ಬೀಗ ಇರುವುದಿಲ್ಲ. ಕೆಲವನ್ನು ಸಂಸತ್ತು ಒಂದೇ ಬದಲಿಸಬಹುದು. ಕೆಲವಕ್ಕೆ ಜನರ ಮತ, ಅಂದರೆ ಜನಮತಗಣನೆ ಬೇಕು. ಉಗಾಂಡಾದಲ್ಲಿ ಆ ಪಟ್ಟಿ 260ನೇ ವಿಧಿಯಲ್ಲಿದೆ. ಅದನ್ನು ಬೆರಳಿಟ್ಟು ಓದಿದರೆ 105ರ ಒಂದನೇ ಉಪವಿಧಿ ಸಿಗುತ್ತದೆ. ಅದು ಅಧ್ಯಕ್ಷರ ಒಂದು ಅವಧಿ ಐದು ವರ್ಷ ಅನ್ನುವ ಉಪವಿಧಿ. ಎರಡನೇ ಉಪವಿಧಿ, ಎಷ್ಟು ಅವಧಿ ಅನ್ನುವುದು, ಪಟ್ಟಿಯಲ್ಲಿ ಇಲ್ಲ. ವಯಸ್ಸಿನ 102ನೇ ವಿಧಿಯೂ ಇಲ್ಲ. ಐದು ವರ್ಷವನ್ನು ಆರು ಮಾಡಬೇಕಾದರೆ ಇಡೀ ದೇಶವನ್ನು ಕೇಳಬೇಕು. ಎರಡು ಅವಧಿಯನ್ನು ಹತ್ತು ಮಾಡಬೇಕಾದರೆ ಸಂಸತ್ತಿನ ಮೂರನೇ ಎರಡು ಭಾಗ ಸಾಕು. ಒಂದು ಬಾಗಿಲಿಗೆ ದೊಡ್ಡ ಬೀಗ, ಪಕ್ಕದ ಬಾಗಿಲಿಗೆ ಚಿಲಕ ಅಷ್ಟೇ.

ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಆ ದೇಶದವನಲ್ಲ. ಆದರೂ ದಿನಾ ನನ್ನ ಜೊತೆ ಮಾಟೋಕೆ (ಬೇಯಿಸಿದ ಬಾಳೆಕಾಯಿ) ತಿನ್ನುತ್ತಿದ್ದ ಹುಡುಗರೆಲ್ಲ 1986ರ ನಂತರ ಹುಟ್ಟಿದವರು. ಅವರು ಬೇರೆ ಅಧ್ಯಕ್ಷರನ್ನೇ ನೋಡಿರಲಿಲ್ಲ.

ನಮ್ಮಲ್ಲಿ ಕೆಲವರು ಕೇಳುತ್ತಾರೆ, ಭಾರತದಲ್ಲೂ ಪ್ರಧಾನಿಗೆ ಮಿತಿ ಇಲ್ಲವಲ್ಲ ಅಂತ. ನಿಜ. ಆದರೆ ನಮ್ಮ ಪ್ರಧಾನಿ ಲೋಕಸಭೆಯ ವಿಶ್ವಾಸ ಕಳೆದುಕೊಂಡರೆ ಇಳಿಯಬೇಕು. ನೇರವಾಗಿ ಆಯ್ಕೆಯಾದ ಅಧ್ಯಕ್ಷರನ್ನು ಮಧ್ಯದಲ್ಲಿ ಇಳಿಸುವುದು ಬಹಳ ಕಷ್ಟ. ಅದಕ್ಕೇ ಅಂಥ ಕಡೆ ಮಿತಿಗೆ ಅಷ್ಟು ಬೆಲೆ.

ಮಸೂದೆ ಯಾರ ಕೈಯಿಂದ ಬಂತು, ಯಾರು ಹೊರಗೆ ಹೋದರು

ಇಂಥ ಮಸೂದೆ ಅಧ್ಯಕ್ಷರ ಹೆಸರಿನಲ್ಲಿ ಬರುವುದು ಕಡಿಮೆ. 2017ರಲ್ಲಿ ಅದನ್ನು ತಂದವರು ಇಗಾರಾ ವೆಸ್ಟ್ ಕ್ಷೇತ್ರದ ರಫಾಯೆಲ್ ಮಾಗ್ಯೆಜಿ. ಖಾಸಗಿ ಸದಸ್ಯರ ಮಸೂದೆ, ಅಂದರೆ ಸರ್ಕಾರದ್ದಲ್ಲ, ಒಬ್ಬ ಸಂಸದರ ಸ್ವಂತ ಮಸೂದೆ ಅಂತ ತಂದರು. 2019ರ ಕೊನೆಗೆ ಅವರು ಮಂತ್ರಿಯಾದರು. ಹೀಗೆ ಹೆಸರು ಬರೆದಿಟ್ಟುಕೊಂಡು ಎರಡು ವರ್ಷ ಬಿಟ್ಟು ಮತ್ತೆ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಹೊರಗೆ ಹೋದವರನ್ನೂ ನೋಡಿ. ವಿರೋಧ ಅಂದರೆ ವಿರೋಧ ಪಕ್ಷ ಮಾತ್ರ ಅಂತ ನಾನೂ ಅಂದುಕೊಂಡಿದ್ದೆ. ಮೊದಲ ಸಲ ಮಾತೆತ್ತಿದವರು ಒಳಗಿನವರೇ. ಮೂರನೇ ಅವಧಿ ಬೇಡ ಅಂದ ಎರಿಯಾ ಕಟೆಗಾಯಾ, ಬಿದಾಂದಿ ಸ್ಸಾಲಿ, ಮಿರಿಯಾ ಮಟೆಂಬೆ 2003ರ ಮೇ ತಿಂಗಳಲ್ಲಿ ಮಂತ್ರಿಸ್ಥಾನ ಕಳೆದುಕೊಂಡರು. ಕಟೆಗಾಯಾ ಮುಸೆವೆನಿಯ ಬಾಲ್ಯದ ಗೆಳೆಯರು. ಸಂಪುಟದಿಂದ ಹಳೆಯ ಗೆಳೆಯರು ಒಂದೇ ದಿನ ಉದುರಿದರೆ, ತಿದ್ದುಪಡಿ ದೂರವಿಲ್ಲ ಅಂತ ತಿಳಿಯಿರಿ.

ದುಡ್ಡಿನ ಸಾಲು ಹುಡುಕಿ

ಮತಕ್ಕೆ ಮುಂಚೆ ಸಂಸದರಿಗೆ ಹಂಚುವ ದುಡ್ಡಿಗೆ ಆಡಳಿತದ ಭಾಷೆಯಲ್ಲಿ ಬೇರೆ ಹೆಸರು ಇರುತ್ತದೆ: ಕ್ಷೇತ್ರದ ಜನರ ಅಭಿಪ್ರಾಯ ಕೇಳಲು ಕೊಟ್ಟ ಖರ್ಚು. 2005ರ ತಿದ್ದುಪಡಿಗೆ ಮುಂಚೆ ಸಂಸದರಿಗೆ ತಲಾ 50 ಲಕ್ಷ ಶಿಲ್ಲಿಂಗ್ ಸಿಕ್ಕಿತ್ತು. 2017ರಲ್ಲಿ ತಲಾ 2 ಕೋಟಿ 90 ಲಕ್ಷ ಶಿಲ್ಲಿಂಗ್, ಆಗಿನ ಲೆಕ್ಕದಲ್ಲಿ ಸುಮಾರು 5 ಲಕ್ಷ ರೂಪಾಯಿ. ಕೆಲವು ವಿರೋಧ ಪಕ್ಷದ ಸಂಸದರು ಅದನ್ನು ವಾಪಸ್ ಕೊಟ್ಟರು. ಪತ್ರಿಕೆಯಲ್ಲಿ ಈ ಸುದ್ದಿ ಒಳಪುಟದಲ್ಲಿ ಚಿಕ್ಕದಾಗಿ ಬರುತ್ತದೆ, ಕಣ್ಣು ತಪ್ಪಿಸಬೇಡಿ.

ಬೀದಿಯ ಮಾತು ಕಲಿಯಿರಿ

ಲುಗಾಂಡಾ ಭಾಷೆಯಲ್ಲಿ ಸಂವಿಧಾನಕ್ಕೆ ಸ್ಸೆಮಾಟೀಕಾ ಅನ್ನುತ್ತಾರೆ. ಅವಧಿಗೆ ಕಿಸಾಂಜಾ. ಎಸ್ಸಾಂಜಾ ಅಂದರೆ ಒಣಗಿದ ಬಾಳೆ ಎಲೆ. ಎರಡೂ ಪದ ಕಿವಿಗೆ ಹತ್ತಿರ. ಹಾಗಾಗಿ ಮೂರನೇ ಅವಧಿ ಬೇಕು ಅನ್ನುತ್ತಿದ್ದ ಬೆಂಬಲಿಗರು ಒಣ ಬಾಳೆ ಎಲೆ ಸುತ್ತಿಕೊಂಡು ಮೆರವಣಿಗೆ ಮಾಡುತ್ತಿದ್ದರಂತೆ. ನಮ್ಮ ಪ್ರೆಸ್ಸಿನ ಹಿರಿಯರೊಬ್ಬರು ಇದನ್ನು ಹೇಳಿದರು.

2017ರಲ್ಲಿ ವಿರೋಧಿಸಿದವರ ಮಾತು ಒಂದೇ ಪದ: ತೊಗಿಕ್ವಾಟಾಕೊ. ಅದನ್ನ ಮುಟ್ಟಬೇಡ ಅಂತ ಅರ್ಥ. ಸುಂದರವಾದ ಪದ. ಯಾವ ಪಕ್ಷದ ಹೆಸರೂ ಅದರಲ್ಲಿಲ್ಲ, ಯಾವ ನಾಯಕನ ಹೆಸರೂ ಇಲ್ಲ. ತಾಯಿ ಒಲೆ ಹತ್ತಿರ ಹೋದ ಮಗುವಿಗೆ ಹೇಳುವ ಹಾಗಿದೆ. ತಲೆಗೆ, ಕೈಗೆ ಕೆಂಪು ಪಟ್ಟಿ ಕಟ್ಟಿಕೊಂಡರು. ನಮ್ಮಲ್ಲಿ ಕಟಿಂಗ್ ಮೆಷಿನ್ ನಡೆಸುತ್ತಿದ್ದ ಹುಡುಗ ಒಂದು ಕೆಂಪು ಪಟ್ಟಿಯನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದ. ರಸ್ತೆ ನೋಡಿ ತೆಗೆಯುತ್ತಿದ್ದ, ರಸ್ತೆ ನೋಡಿ ಒಳಗಿಡುತ್ತಿದ್ದ.

ಸೆಪ್ಟೆಂಬರ್ 26 ಮತ್ತು 27ರಂದು ಸಂಸತ್ತಿನ ಒಳಗೇ ಕುರ್ಚಿಗಳು ಹಾರಾಡಿದವು. ಟಿವಿಯಲ್ಲಿ ಎಲ್ಲರೂ ಆ ದೃಶ್ಯವನ್ನೇ ತೋರಿಸಿದರು. ಸ್ಪೀಕರ್ ರೆಬೆಕ್ಕಾ ಕಡಗಾ 25 ಸಂಸದರನ್ನು ಅಮಾನತು ಮಾಡಿದರು. ಭದ್ರತಾ ಪಡೆಯವರು ಸದನದೊಳಗೆ ನುಗ್ಗಿ ಸದಸ್ಯರನ್ನು ಎಳೆದೊಯ್ದರು. ಸಂಸದೆ ಬೆಟ್ಟಿ ನಂಬೂಜೆ ಬೆನ್ನುಮೂಳೆಗೆ ಪೆಟ್ಟಾಗಿ ಚಿಕಿತ್ಸೆಗೆ ಭಾರತಕ್ಕೆ ಬರಬೇಕಾಯಿತು. ನೇರ ಪ್ರಸಾರ ನಿಲ್ಲಿಸಿ ಅಂತ ಚಾನೆಲ್‌ಗಳಿಗೆ ಆದೇಶವೂ ಹೋಗಿತ್ತು. ಹೊರಗಿನವರು ಕುರ್ಚಿ ನೋಡಿ "ಇವರ ಸಂಸತ್ತೇ ಹೀಗೆ" ಅಂದರು. ದಯವಿಟ್ಟು ಹಾಗೆ ನೋಡಬೇಡಿ. ಮತ ಎಣಿಸಿದರೆ ಸೋಲುತ್ತೇವೆ ಅಂತ ಗೊತ್ತಿದ್ದವರಿಗೆ ಮಸೂದೆಯನ್ನು ತಡಮಾಡುವುದು ಒಂದೇ ದಾರಿ ಉಳಿದಿತ್ತು.

ಮತ ಎಣಿಸಿ

ಡಿಸೆಂಬರ್ 20ರಂದು ಮತ ಹಾಕಿದರು. ಪರವಾಗಿ 317, ವಿರುದ್ಧ 97, ತಟಸ್ಥ 2. ಮೂರನೇ ಎರಡು ಭಾಗ ಆರಾಮಾಗಿ ದಾಟಿತು.

ಇದೇ ಲೆಕ್ಕವನ್ನು ಮಲಾವಿಗೆ ಹಾಕಿ ನೋಡಿ. ಅಲ್ಲಿ 2002ರ ಜುಲೈನಲ್ಲಿ ಅಧ್ಯಕ್ಷ ಬಕಿಲಿ ಮುಲುಜಿಗೆ ಮಿತಿ ತೆಗೆಯುವ ಮಸೂದೆ ಬಂತು. ಬಿದ್ದದ್ದು ಬರೀ ಮೂರು ಮತದಿಂದ. ಝಾಂಬಿಯಾದಲ್ಲಿ 2001ರಲ್ಲಿ ಮತದವರೆಗೂ ಹೋಗಲಿಲ್ಲ. ವಕೀಲರ ಸಂಘ, ಚರ್ಚುಗಳ ಒಕ್ಕೂಟಗಳು, ಮಹಿಳಾ ಸಂಘಟನೆಗಳು ಸೇರಿ ಲುಸಾಕಾದಲ್ಲಿ ಓಯಸಿಸ್ ಫೋರಂ ಕಟ್ಟಿದರು. ಜನ ಹಸಿರು ರಿಬ್ಬನ್ ಕಟ್ಟಿಕೊಂಡರು, ಶುಕ್ರವಾರ ಸಂಜೆ ಕಾರಿನ ಹಾರ್ನ್ ಒತ್ತಿದರು. ಆಡಳಿತ ಪಕ್ಷದ ಸಂಸದರೇ ದೊಡ್ಡ ಸಂಖ್ಯೆಯಲ್ಲಿ ತಿರುಗಿ ನಿಂತರು. ಮೇ ತಿಂಗಳಲ್ಲಿ ಅಧ್ಯಕ್ಷ ಫ್ರೆಡರಿಕ್ ಚಿಲುಬಾ ತಾನು ನಿಲ್ಲುವುದಿಲ್ಲ ಅಂತ ಹೇಳಿದರು. ಹಾರ್ನ್ ಕೇಳಿ ಅವರು ಇಳಿದರು ಅಂತ ಕಥೆ ಹೇಳುವುದು ಸುಲಭ. ನನ್ನ ಲೆಕ್ಕದಲ್ಲಿ ಗೆಲ್ಲಿಸಿದ್ದು ಪಕ್ಷ ಒಡೆದದ್ದು. ಹಾರ್ನ್ ಆ ಸಂಸದರಿಗೆ ಧೈರ್ಯ ಕೊಟ್ಟಿತು. ಉಗಾಂಡಾದಲ್ಲಿ ಆಡಳಿತ ಪಕ್ಷದ ಕೆಲವರು ವಿರುದ್ಧ ಮತ ಹಾಕಿದರು, ಪಕ್ಷ ಮಾತ್ರ ಒಡೆಯಲಿಲ್ಲ.

ಮಸೂದೆಯ ಕೊನೆಯ ಪುಟ ಬಿಡಬೇಡಿ

ಇದನ್ನು ನಾನು ಬಹಳ ತಡವಾಗಿ ಕಲಿತೆ. ಮಾಗ್ಯೆಜಿ ಮಸೂದೆ ಶುರುವಾದದ್ದು ವಯಸ್ಸಿನ ಮಿತಿಗಾಗಿ. ಸದನದಲ್ಲಿ ಮುಗಿಯುವಷ್ಟರಲ್ಲಿ ಅದಕ್ಕೆ ಇನ್ನೂ ಎರಡು ವಿಷಯ ಅಂಟಿಕೊಂಡವು. ಸಂಸದರ ಸ್ವಂತ ಅವಧಿ ಐದರಿಂದ ಏಳು ವರ್ಷಕ್ಕೆ ಏರಿತು. ಜೊತೆಗೆ 2005ರಲ್ಲಿ ತೆಗೆದ ಎರಡು ಅವಧಿಯ ಮಿತಿ ವಾಪಸ್ ಬಂತು, ಈ ಸಲ ಜನಮತಗಣನೆಯ ಬೀಗದ ಜೊತೆ. ನೋಡಿದರೆ ಒಳ್ಳೆಯದೇ ಅನ್ನಿಸುತ್ತದೆ, ಅಲ್ವಾ?

ಮೊಕದ್ದಮೆ ಸಂವಿಧಾನ ನ್ಯಾಯಾಲಯಕ್ಕೆ ಹೋಯಿತು. ರಾಜಧಾನಿ ಬಿಟ್ಟು ಪೂರ್ವದ ಎಂಬಾಲೆ ಊರಿನಲ್ಲಿ ವಿಚಾರಣೆ. 2018ರ ಜುಲೈ 26ಕ್ಕೆ ತೀರ್ಪು. ಸಂಸದರ ಏಳು ವರ್ಷವನ್ನು ಐವರೂ ನ್ಯಾಯಮೂರ್ತಿಗಳು ಹೊಡೆದುಹಾಕಿದರು. ಅದರ ಜೊತೆ ಬಂದಿದ್ದ ಎರಡು ಅವಧಿಯ ಮಿತಿಯೂ ಬಿತ್ತು. ವಯಸ್ಸಿನ ಮಿತಿ ತೆಗೆದದ್ದು ಮಾತ್ರ ನಾಲ್ಕು–ಒಂದರಲ್ಲಿ ಉಳಿಯಿತು. ಬೇಡ ಅಂದ ಒಬ್ಬರು ಕೆನೆತ್ ಕಕುರು. ಕೊನೆಗೆ ಆ ದೇಶಕ್ಕೆ ವಯಸ್ಸಿನ ಮಿತಿಯೂ ಇಲ್ಲ, ಅವಧಿಯ ಮಿತಿಯೂ ಇಲ್ಲ.

ಹಾಗಾಗಿ ಮಸೂದೆಯಲ್ಲಿ ಸಿಹಿ ಏನಿದೆ ಅಂತ ಬೇರೆಯಾಗಿ ಬರೆದುಕೊಳ್ಳಿ. ಅದು ಬಿದ್ದರೆ ಉಳಿದದ್ದು ಏನು ಅಂತ ಪಕ್ಕದಲ್ಲಿ ಬರೆಯಿರಿ. ತೀರ್ಪಿನಲ್ಲಿ ಬಹುಮತದ ಜೊತೆ ಭಿನ್ನಮತದ ಭಾಗವನ್ನೂ ಓದಿ. ವಿರೋಧಿಸಿದವರ ವಾದ ಪೂರ್ತಿಯಾಗಿ ಸಿಗುವುದು ಅಲ್ಲೇ.

ಅಲ್ಲೇ ಇದ್ದರೆ

ಕೆಲಸಕ್ಕೆ ಹೋಗುವ ಹುಡುಗರಿಗೆ ಎರಡು ಮಾತು. ವೀಸಾದ ಮೇಲೆ ಇರುವವರು ಮೆರವಣಿಗೆಗೆ ಇಳಿಯಬೇಡಿ, ಸೈನಿಕರ ಫೋಟೊ ತೆಗೆಯಬೇಡಿ. 1972ರಲ್ಲಿ ಇದಿ ಅಮೀನ್ 90 ದಿನ ಕೊಟ್ಟು ಏಷ್ಯಾದವರನ್ನು ಹೊರಗೆ ಹಾಕಿದ ನೆನಪು ಅಲ್ಲಿನ ಹಳೆಯ ಗುಜರಾತಿ ಅಂಗಡಿಗಳಲ್ಲಿ ಇನ್ನೂ ಇದೆ. ಅವರು ರಾಜಕೀಯ ಮಾತಾಡದಿದ್ದರೆ ಹೇಡಿಗಳು ಅನ್ನಬೇಡಿ. ಕೈಯಲ್ಲಿ ನಗದು ಇಟ್ಟುಕೊಳ್ಳಿ. 2016ರ ಮತದಾನದ ದಿನ ವಾಟ್ಸಾಪ್, ಫೇಸ್‌ಬುಕ್ ಜೊತೆ ಮೊಬೈಲ್ ಮನಿಯೂ (ಫೋನಿನಲ್ಲೇ ದುಡ್ಡು ಕಳಿಸುವ ವ್ಯವಸ್ಥೆ) ನಿಂತಿತ್ತು. ಪತ್ರಿಕೆ ಎರಡು ಕೊಳ್ಳಿ: ಸರ್ಕಾರದ ಪಾಲು ಜಾಸ್ತಿ ಇರುವ ನ್ಯೂ ವಿಷನ್, ಖಾಸಗಿಯ ಡೇಲಿ ಮಾನಿಟರ್. ಒಂದೇ ದಿನದ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

ಮತ್ತೆ ಅಲ್ಲಿನವರ ಮಾತು ಕೇಳಿ. ನೀವು ಕೆಂಪು ಪಟ್ಟಿ ಕಟ್ಟಬೇಕಿಲ್ಲ. ಕಟ್ಟಿಕೊಂಡವನ ಪಕ್ಕದಲ್ಲಿ ಕೂತು ಊಟ ಮಾಡಬಹುದು.

2019ರ ಏಪ್ರಿಲ್ 18ಕ್ಕೆ ಅದೇ ಮೊಕದ್ದಮೆಯ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು: ವಯಸ್ಸಿನ ಮಿತಿ ತೆಗೆದದ್ದು ಅಲ್ಲೂ ಉಳಿಯಿತು. ನಾನು ಊರಿಗೆ ಹೊರಡಲು ಸಾಮಾನು ಕಟ್ಟುತ್ತಿದ್ದೆ. ಕಟಿಂಗ್ ಮೆಷಿನ್ ಹುಡುಗ ರೇಡಿಯೊ ಕೇಳಿ ಬಂದು ನನ್ನ ಸಂವಿಧಾನದ ಪ್ರತಿ ಕೇಳಿದ. 102ನೇ ವಿಧಿಯ ಪಕ್ಕದಲ್ಲಿ ಪೆನ್ಸಿಲಿನಿಂದ 4–3 ಅಂತ ಬರೆದ. ಮೂರರ ಕೆಳಗೆ ಗೆರೆ ಎಳೆದ. "ಮೂವರು ಬೇಡ ಅಂದರು" ಅಂದ, ಪುಸ್ತಕ ವಾಪಸ್ ಕೊಟ್ಟ.

ಆ ಪ್ರತಿ ಈಗ ಗದಗಿನಲ್ಲಿ ನನ್ನ ಪಾನಾ ಡಬ್ಬಿಯಲ್ಲಿದೆ. ಓದಲು ಶುರುಮಾಡುವವರು ಕೇಳಿದರೆ ಮೂರು ಪುಟದ ಫೋಟೊ ಕಳಿಸುತ್ತೇನೆ: 102, 105, 260. ಮೊದಲು 260 ಓದಿ.