ಸ್ಕ್ರಾಲ್ ಲಾಕ್ ಮಾಡಿದ ಕಿತಾಪತಿ

ಪುಸ್ತಕಗಳ ಪುಟವಿನ್ಯಾಸ ನನ್ನ ಕಸುಬು. ನಾನು ಕೆಲಸ ಮಾಡಿಕೊಡುವ ಮುದ್ರಣಾಲಯ ಇಂದಿಗೂ ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶದ ಕಡತವನ್ನೇ ಕೇಳುತ್ತದೆ. ಹಾಗಾಗಿ ಅದೂ, ಕನ್ನಡ ಬೆರಳಚ್ಚಿನ ನುಡಿ ತಂತ್ರಾಂಶವೂ ಇರುವ ಹಳೆಯ ವಿಂಡೋಸ್ 7 ಗಣಕವನ್ನು ಬಿಡುವಂತಿಲ್ಲ. ಮಿಂಚಂಚೆ, ಯೂನಿಕೋಡ್ (ಎಲ್ಲ ಗಣಕಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಬರವಣಿಗೆ, ಲೇಖಕರು ಕಳಿಸುವ ಹಸ್ತಪ್ರತಿ ಎಲ್ಲವೂ ವಿಂಡೋಸ್ ಬದಲು ಉಬುಂಟು ಹಾಕಿರುವ ಹೊಸ ಗಣಕದಲ್ಲಿ. ಮೇಜು ಮಾತ್ರ ನಾಲ್ಕಡಿಯದು. ಅದರ ಮೇಲೆ ಎರಡು ಪರದೆ, ಎರಡು ಕೀಲಿಮಣೆ, ಎರಡು ಮೌಸ್. ಕರಡಚ್ಚಿನ ಹಾಳೆಗಳಿಗೆ ನನ್ನ ತೊಡೆಯೇ ಗತಿ.

ಗುಂಡಿ ಒತ್ತಿದರೆ ಕೀಲಿಮಣೆಯನ್ನು ಒಂದು ಗಣಕದಿಂದ ಇನ್ನೊಂದಕ್ಕೆ ಬದಲಿಸುವ ಯುಎಸ್‌ಬಿ ಸ್ವಿಚ್ ಕೊಳ್ಳಬಹುದಿತ್ತು. ಆದರೆ ಒಂದು ಪರದೆಯಲ್ಲಿ ಓದುತ್ತ ಇನ್ನೊಂದರಲ್ಲಿ ತಿದ್ದುವವನಿಗೆ ನಿಮಿಷಕ್ಕೆ ನಾಲ್ಕು ಸಲ ಗುಂಡಿ ಒತ್ತುವ ತಾಳ್ಮೆ ಎಲ್ಲಿಂದ ಬರಬೇಕು? ಮೌಸನ್ನು ಪರದೆಯ ಅಂಚಿಗೆ ತಳ್ಳಿದರೆ ಪಕ್ಕದ ಗಣಕಕ್ಕೆ ದಾಟಬೇಕು, ಕೀಲಿಮಣೆಯೂ ಅದರ ಹಿಂದೆಯೇ ಹೋಗಬೇಕು. ಅದನ್ನು ಮಾಡುವ ಉಚಿತ ತಂತ್ರಾಂಶ ಬ್ಯಾರಿಯರ್. ಅದರ ಬೆಳವಣಿಗೆ ಈಗ ನಿಂತಿದೆ. ಹೊಸದಾಗಿ ಶುರುಮಾಡುವವರು ಇದೇ ಕೆಲಸ ಮಾಡುವ ಇನ್‌ಪುಟ್ ಲೀಪ್ ಅಥವಾ ಡೆಸ್ಕ್‌ಫ್ಲೋ ನೋಡುವುದು ಲೇಸು. ನನ್ನ ವಿಂಡೋಸ್ 7ಕ್ಕೆ ಬ್ಯಾರಿಯರ್ ಒಗ್ಗಿತು, ಅಷ್ಟಕ್ಕೇ ಬಿಟ್ಟೆ.

ಕೀಲಿಮಣೆ ಯಾವ ಗಣಕಕ್ಕೆ ಸಿಕ್ಕಿಸಿರುತ್ತದೆಯೋ ಅದು ಸರ್ವರ್, ಇನ್ನೊಂದು ಕ್ಲೈಂಟ್. ಹಳೆಯ ಗಣಕವನ್ನೇ ಸರ್ವರ್ ಮಾಡಿದೆ. ದಿನದ ಬಹುಪಾಲು ಬೆರಳಚ್ಚು ಅಲ್ಲಿಯೇ ಆಗುತ್ತದೆ. ಜಾಲ ಕೈಕೊಟ್ಟರೂ ಅಲ್ಲಿನ ಕೆಲಸ ನಿಲ್ಲುವುದಿಲ್ಲ. ಕ್ಲೈಂಟ್ ಒಳಬರಲೆಂದು ವಿಂಡೋಸ್ ಫೈರ್‌ವಾಲ್‌ನಲ್ಲಿ ಬ್ಯಾರಿಯರ್ ಬಳಸುವ ಬಾಗಿಲು, ಅಂದರೆ 24800ನೇ ಪೋರ್ಟ್ ತೆರೆದೆ. ಕ್ಲೈಂಟ್‌ನ ಹೆಸರು ಸರ್ವರ್‌ನಲ್ಲಿ ಪರದೆಗಳನ್ನು ಜೋಡಿಸುವ ಚೌಕದಲ್ಲಿ ಬರೆದ ಹೆಸರಿಗೆ ಅಕ್ಷರಶಃ ಹೊಂದಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಉಬುಂಟುವಿನಲ್ಲಿ ಪರದೆಯನ್ನು ನಿಭಾಯಿಸುವ ವೇಲ್ಯಾಂಡ್ ವ್ಯವಸ್ಥೆಯ ಜೊತೆ ಬ್ಯಾರಿಯರ್‌ಗೆ ಹೊಂದಿಕೆಯಿಲ್ಲವಾದ್ದರಿಂದ, ಲಾಗಿನ್ ಆಗುವಾಗ ಮೂಲೆಯ ಹಲ್ಲಿನ ಚಕ್ರ ಒತ್ತಿ ಅದರ ಬದಲು ಹಳೆಯ ಕ್ಸೋರ್ಗ್ ಆರಿಸಿಕೊಂಡೆ. ವೈಫೈಯಲ್ಲಿ ಮೌಸ್ ಕುಂಟುತ್ತಿತ್ತು. ಎರಡೂ ಗಣಕಗಳಿಗೆ ರೌಟರ್‌ನಿಂದ ತಂತಿ ಎಳೆದ ಮೇಲೆ ಕುಂಟು ಹೋಯಿತು.

ಇಷ್ಟಾದ ಮೇಲೆ ನಿಜವಾದ ಕಾಟ ಶುರುವಾಯಿತು. ಮೌಸ್ ಸಲೀಸಾಗಿ ಆಚೆಗೂ ಈಚೆಗೂ ಓಡಾಡುತ್ತಿತ್ತು. ಆದರೆ ಪೇಜ್‌ಮೇಕರ್‌ನಲ್ಲಿ ಒಂದು ಪ್ಯಾರಾ ತಿದ್ದಿ ಉಬುಂಟು ಕಡೆಗೆ ತಳ್ಳಿದರೆ, ಗೋಡೆಗೆ ಹಾಯ್ದಂತೆ ಅಂಚಿನಲ್ಲೇ ನಿಂತುಬಿಟ್ಟಿತು. ತಂತಿ ಬಿಚ್ಚಿ ಸಿಕ್ಕಿಸಿದೆ, ರೌಟರ್ ಆರಿಸಿ ಹಾಕಿದೆ, ಬ್ಯಾರಿಯರನ್ನು ಕಿತ್ತು ಮತ್ತೆ ಸ್ಥಾಪಿಸಿದೆ. ಒಮ್ಮೆ ಸರಿಹೋಗುತ್ತದೆ, ಮತ್ತೊಂದು ಪ್ಯಾರಾ ತಿದ್ದಿದರೆ ಮತ್ತೆ ಗೋಡೆ. ಎರಡು ಸಂಜೆ ಹೀಗೇ ಹೋದವು. ಮೂರನೆಯ ಸಂಜೆ ಕೀಲಿಮಣೆಯ ಮೂಲೆಯ ಪುಟ್ಟ ಹಸಿರು ದೀಪ ಕಣ್ಣಿಗೆ ಬಿತ್ತು. ನುಡಿಯಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳಲು ನಾನು ಒತ್ತುವುದು ಸ್ಕ್ರಾಲ್ ಲಾಕ್ ಕೀಲಿ, ಆ ದೀಪ ಅದರದು. ಬ್ಯಾರಿಯರ್‌ನಲ್ಲಿ ಮೌಸನ್ನು ಒಂದೇ ಪರದೆಗೆ ಕಟ್ಟಿಹಾಕುವ ಕೀಲಿಯೂ ಅದೇ! ಬೇರೆ ಊರುಗಳಲ್ಲಿ ಯಾರೂ ಮುಟ್ಟದ ಕೀಲಿಯೆಂದು ತಂತ್ರಾಂಶ ಬರೆದವರು ಅದನ್ನು ಆರಿಸಿರಬೇಕು. ವರ್ಷಗಟ್ಟಲೆ ಅದನ್ನೇ ಸವೆಸುತ್ತ ಬಂದ ನುಡಿ ಬಳಕೆದಾರರ ನೆನಪು ಅವರಿಗೆ ಎಲ್ಲಿಂದ ಬರಬೇಕು?

ಪರಿಹಾರ ಒಂದು ನಿಮಿಷದ್ದು. ಸರ್ವರ್‌ನಲ್ಲಿ ಯಾವ ಕೀಲಿಗೆ ಯಾವ ಕೆಲಸವೆಂದು ಹೇಳುವ ಹಾಟ್‌ಕೀ ಪುಟದಲ್ಲಿ ಮೌಸ್ ಕಟ್ಟುವ ಕೆಲಸವನ್ನು ಕಂಟ್ರೋಲ್, ಆಲ್ಟ್, ಎಫ್ 12 ಮೂರಕ್ಕೆ ವಹಿಸಿದೆ. ನಾವಾಗಿ ಒಂದು ಕೀಲಿ ಹೇಳಿದರೆ ಬ್ಯಾರಿಯರ್ ಸ್ಕ್ರಾಲ್ ಲಾಕ್ ಮೇಲಿನ ಹಕ್ಕು ಬಿಟ್ಟುಕೊಡುತ್ತದೆ.

ನಕಲು ಮಾಡಿದ್ದು ಕೂಡ ಗಣಕದಿಂದ ಗಣಕಕ್ಕೆ ದಾಟುತ್ತದೆ ಎಂದು ಹಿಗ್ಗಿದ್ದೆ. ಪೇಜ್‌ಮೇಕರ್‌ನಿಂದ ‘ಕನ್ನಡ’ ಎಂಬ ಪದವನ್ನೇ ನಕಲಿಸಿ ಉಬುಂಟುವಿನಲ್ಲಿ ಅಂಟಿಸಿದರೆ, ಇಂಗ್ಲಿಷ್ ಅಕ್ಷರಗಳ ನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ ಕುಳಿತಿತ್ತು. ಅದು ಬ್ಯಾರಿಯರ್‌ನ ತಪ್ಪಲ್ಲ. ನುಡಿಯ ಹಳೆಯ ಫಾಂಟ್‌ಗಳು ಯೂನಿಕೋಡ್ ಅಲ್ಲ, ‘ನ’ಕಾರವನ್ನು ಅವು ಇಟ್ಟಿರುವುದೇ ಪೌಂಡಿನ ಮನೆಯಲ್ಲಿ. ಅದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಯಿಸಿಯೇ ಅಂಟಿಸಬೇಕು.

ಎರಡನೆಯ ಕೀಲಿಮಣೆಯನ್ನು ಅಟ್ಟಕ್ಕೆ ಹಾಕಿದ್ದೆ, ಮೂರೇ ದಿನಕ್ಕೆ ಇಳಿಸಬೇಕಾಯಿತು. ಕರೆಂಟು ಹೋಗಿ ಬಂದಾಗ ಉಬುಂಟು ಗುಪ್ತಪದ ಕೇಳುತ್ತದೆ. ಅದನ್ನು ಕೊಡುವ ತನಕ ಬ್ಯಾರಿಯರ್ ಏಳುವುದಿಲ್ಲ. ಈಗ ಆ ಕೀಲಿಮಣೆ ಮೇಜಿನ ಕೆಳಗೆ ಸಿಪಿಯು ಪೆಟ್ಟಿಗೆಯ ಮೇಲೆ ಮಲಗಿದೆ, ಬೆಳಿಗ್ಗೆ ಎಂಟು ಅಕ್ಷರ ಒತ್ತುವುದಕ್ಕೆ ಮಾತ್ರ.