ಖಾಲಿ ಇದ್ದಾಗ ಓಡುವ ಪಿಕಪ್ ಲೋಡ್ ಹಾಕಿದರೆ ಏಕೆ ಎಳೆಯುವುದಿಲ್ಲ?

ಖಾಲಿ ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಲೋಡ್ ಹಾಕಿ ಏರು ಹತ್ತಿಸಿದರೆ ಮೂರನೇ ಗೇರಿನಲ್ಲೇ ದಮ್ಮು ಕಟ್ಟುತ್ತಿತ್ತು. ಹಿಂದೆ ಕಪ್ಪು ಹೊಗೆ, ಮುಂದೆ ಚೆಕ್ ಎಂಜಿನ್ ದೀಪ. ನನ್ನದು ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇರುವ ಕಾಮನ್ ರೈಲ್ ಡೀಸೆಲ್ ಪಿಕಪ್, ಅಂದರೆ ಒಂದೇ ಪೈಪಿನಿಂದ ಎಲ್ಲ ಇಂಜೆಕ್ಟರಿಗೂ ಭಾರಿ ಒತ್ತಡದಲ್ಲಿ ಡೀಸೆಲ್ ಹೋಗುವಂಥದ್ದು. ಹಿಂದೆ ಲೀಫ್ ಸ್ಪ್ರಿಂಗ್, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ನೋಡಿದವರೆಲ್ಲ ಎರಡರಲ್ಲಿ ಒಂದು ಮಾತು ಹೇಳಿದರು: ‘ಲೋಡ್ ಜಾಸ್ತಿ ಆಗಿದೆ’, ಇಲ್ಲವೇ ‘ಟರ್ಬೊ ಹೋಗಿದೆ’. ಯಾವುದನ್ನೂ ಅಳೆಯದೆ ನಂಬುವುದು ಬೇಡ ಅನ್ನಿಸಿತು. ಟರ್ಬೊ ಬಿಚ್ಚುವ ಮೊದಲು ತೂಕ ಹಾಕಿಸೋಣ ಎಂದು ಹೊರಟೆ.

ಬಾಗಿಲ ಕಂಬದ ಪ್ಲೇಟಿನಲ್ಲಿ ಗಾಡಿಯ ಒಟ್ಟು ತೂಕದ ಮಿತಿ 3000 ಕಿಲೋ ಎಂದಿತ್ತು. ಕಂಪನಿ ಕಾಗದದಲ್ಲಿ ಖಾಲಿ ತೂಕ 1980. ಅಂದರೆ ಸಾವಿರ ಕಿಲೋ ಹಾಕಬಹುದು, ಅಲ್ವಾ? ವೇಬ್ರಿಡ್ಜ್ ಬೇರೆಯೇ ಲೆಕ್ಕ ಕೊಟ್ಟಿತು. ನಾನು ಸೀಟಿನಲ್ಲಿ, ಟ್ಯಾಂಕ್‌ನಲ್ಲಿ ಡೀಸೆಲ್, ಹಿಂದೆ ಕಬ್ಬಿಣದ ಫ್ರೇಮು, ಟೂಲ್ ಪೆಟ್ಟಿಗೆ, ಮುಂದೆ ಬುಲ್ ಬಾರ್. ಎಲ್ಲ ಸೇರಿ 2220 ಕಿಲೋ. ಉಳಿದದ್ದು 780. ಇನ್ನಿಬ್ಬರು ಹತ್ತಿ ಕೂತರೆ ಅದೂ 640ರ ಆಸುಪಾಸಿಗೆ ಇಳಿಯುತ್ತದೆ. ಕಾಗದದ ಖಾಲಿ ತೂಕ ಕಾರ್ಖಾನೆಯಿಂದ ಹೊರಬಂದ ಗಾಡಿಯದ್ದು. ನಾವು ಆಮೇಲೆ ಬೋಲ್ಟ್ ಹಾಕಿ ಕೂರಿಸಿದ್ದೆಲ್ಲ ಲೋಡಿನ ಲೆಕ್ಕಕ್ಕೇ ಹೋಗುತ್ತದೆ.

ಹಾಗಾದರೆ ಲೋಡ್ ಜಾಸ್ತಿ ಎಂದವರ ಮಾತು ನಿಜವೇ? ಅದನ್ನೂ ಲೆಕ್ಕ ಹಾಕಿದೆ. ನೂರು ಮೀಟರಿಗೆ 8 ಮೀಟರ್ ಏರುವ ರಸ್ತೆಯಲ್ಲಿ 3000 ಕಿಲೋ ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹತ್ತಬೇಕಾದರೆ ಬರೀ ಆ ಏರಿಗೇ ಸುಮಾರು 39 ಕಿಲೋವಾಟ್ ಬೇಕು. 200 ಕಿಲೋ ಹೆಚ್ಚಿಗೆ ಹಾಕಿದರೆ ಇನ್ನೊಂದು ಎರಡೂವರೆ ಕಿಲೋವಾಟ್, ಅಷ್ಟೇ. ನೂರು ಕಿಲೋವಾಟ್ ಆಸುಪಾಸಿನ ಎಂಜಿನ್ ಇಷ್ಟಕ್ಕೇ ಉಸಿರು ಬಿಡಬಾರದು. ಹಾಗಾಗಿ ಎರಡು ಬೇರೆ ಬೇರೆ ಕೆಲಸ ಎಂದು ಇಟ್ಟುಕೊಂಡೆ. ಲೋಡ್ ಸರಿಮಾಡಬೇಕು, ಅದು ಸರಿ. ಆದರೆ ಎಂಜಿನ್ನಿನಲ್ಲಿ ತೊಂದರೆ ಇರುವುದೂ ಖಾತ್ರಿ. ಲೋಡ್ ಅದನ್ನು ಹೊರಗೆ ತಂದು ತೋರಿಸಿತ್ತು.

ಎಂಜಿನ್ ಕಂಪ್ಯೂಟರಿನ ದೋಷದ ಕೋಡ್ ಓದುವ ಒಬಿಡಿ ಸ್ಕ್ಯಾನರ್ ಹಾಕಿದರೆ ಪಿ0299 ಬಂತು. ಟರ್ಬೊ ಒತ್ತಡ ಸಾಲುತ್ತಿಲ್ಲ ಎಂದರ್ಥ. ಟರ್ಬೊ ಹೋಗಿದೆ ಅಂತ ಕೋಡ್ ಎಲ್ಲೂ ಹೇಳುವುದಿಲ್ಲ! ಎಂಜಿನ್ ಕಂಪ್ಯೂಟರ್ ಕೇಳಿದಷ್ಟು ಗಾಳಿಯ ಒತ್ತಡ ಬರಲಿಲ್ಲ, ಅಷ್ಟೇ ಅದರ ದೂರು. ಕೋಡ್ ಅಳಿಸಿ ಸುಮ್ನೆ ನಿಂತಲ್ಲೇ ಎಕ್ಸಿಲರೇಟರ್ ಒತ್ತಿ ನೋಡಿದರೆ ಏನೂ ಸಿಗಲ್ಲ. ನಿಂತ ಗಾಡಿಗೆ ಲೋಡ್ ಇಲ್ಲ, ಲೋಡ್ ಇಲ್ಲದಿದ್ದರೆ ಟರ್ಬೊ ಹೆಚ್ಚು ಒತ್ತಡ ಕಟ್ಟುವುದೂ ಇಲ್ಲ. ಅದಕ್ಕೆ ಮಿತಿಯೊಳಗೆ ಲೋಡ್ ಹಾಕಿಕೊಂಡು ಅದೇ ಏರಿಗೆ ಹೋದೆ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿ ಸ್ಕ್ಯಾನರ್ ಅವರ ಕೈಗೆ ಕೊಟ್ಟೆ. ಓಡಿಸುವವರು ಪರದೆ ನೋಡಬಾರದು.

ಇಲ್ಲೊಂದು ವಿಷಯ ಗೊತ್ತಿರಬೇಕು. ಸ್ಕ್ಯಾನರಿನಲ್ಲಿ ಕಾಣುವ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಒತ್ತಡದಲ್ಲಿ ಹೊರಗಿನ ಗಾಳಿಯ ಒತ್ತಡವೂ ಸೇರಿರುತ್ತದೆ. ಎಂಜಿನ್ ನಿಲ್ಲಿಸಿ ಕೀ ಆನ್ ಮಾಡಿದರೂ ಸಮುದ್ರಮಟ್ಟದಲ್ಲಿ ಸುಮಾರು 100 ಕಿಲೋಪಾಸ್ಕಲ್ ತೋರಿಸುತ್ತದೆ. ಅಲ್ಲಿಂದ ಮೇಲಕ್ಕೆ ಏರಿದ್ದು ಮಾತ್ರ ಟರ್ಬೊದ ದುಡಿಮೆ. ನನ್ನ ಗಾಡಿಯ ಕಂಪ್ಯೂಟರ್ ಏರಿನಲ್ಲಿ 220 ಕೇಳುತ್ತಿತ್ತು, ಸಿಗುತ್ತಿದ್ದದ್ದು 150. ಅದೇ ಹೊತ್ತಿಗೆ ರೈಲ್ ಪ್ರೆಶರ್, ಅಂದರೆ ಇಂಜೆಕ್ಟರಿಗೆ ಹೋಗುವ ಡೀಸೆಲ್ ಒತ್ತಡ ಮಾತ್ರ ಕೇಳಿದಷ್ಟೂ ಬರುತ್ತಿತ್ತು. ಅಂದರೆ ಡೀಸೆಲ್ ಸರಬರಾಜು ಸರಿಯಿದೆ, ಗಾಳಿಯೇ ಸಾಲುತ್ತಿಲ್ಲ. ಕಪ್ಪು ಹೊಗೆಯೂ ಅದನ್ನೇ ಹೇಳುತ್ತಿತ್ತು. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿಯಲ್ಲಿ ಈ ಹೊಗೆ ಹೊರಗೆ ಕಾಣದೇ ಇರಬಹುದು, ಮಸಿಯೆಲ್ಲ ಆ ಫಿಲ್ಟರಿಗೇ ಹೋಗಿ ಕೂರುತ್ತದೆ. ರೈಲ್ ಪ್ರೆಶರ್ ಬಿದ್ದು ಪಿ0087 ಬಂದಿದ್ದರೆ ನಾನು ಮೊದಲು ಡೀಸೆಲ್ ಫಿಲ್ಟರ್ ಬದಲಿಸಿ, ಅದರ ಕೆಳಗಿನ ನೀರು ಬಿಡುತ್ತಿದ್ದೆ. ಒಂದು ಎಚ್ಚರಿಕೆ: ಓಡುತ್ತಿರುವ ಎಂಜಿನ್ನಿನಲ್ಲಿ ಇಂಜೆಕ್ಟರ್ ಪೈಪ್ ಸಡಿಲಿಸುವ ಹಳೇ ಅಭ್ಯಾಸ ಕಾಮನ್ ರೈಲ್‌ಗೆ ನಡೆಯಲ್ಲ. ಐಡಲ್‌ನಲ್ಲೇ ನೂರಾರು ಬಾರ್ ಒತ್ತಡ ಇರುತ್ತದೆ. ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಏರ್ ಫಿಲ್ಟರ್ ಚೊಕ್ಕವಾಗಿತ್ತು. ಟರ್ಬೊ ಶಾಫ್ಟ್ ಹಿಡಿದು ಅಲ್ಲಾಡಿಸಿದೆ, ಬ್ಲೇಡು ಎಲ್ಲೂ ಉಜ್ಜಿರಲಿಲ್ಲ. ಆಮೇಲೆ ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸನ್ನು ಉದ್ದಕ್ಕೂ ನೋಡುತ್ತಾ ಬಂದೆ. ಇಂಟರ್‌ಕೂಲರ್ ಎಂದರೆ ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ರೇಡಿಯೇಟರಿನಂಥ ಭಾಗ. ಮೇಲಿನಿಂದ ನೋಡಿದರೆ ಹೊಸದರ ಹಾಗೇ ಇತ್ತು. ಕೆಳಗಿನ ಬಾಗಿನಲ್ಲಿ, ಒಂದು ಬ್ರಾಕೆಟ್ಟಿನ ಪಕ್ಕ, ಅಂಗೈಯಷ್ಟು ಜಾಗದಲ್ಲಿ ಎಣ್ಣೆಗೆ ಧೂಳು ಮೆತ್ತಿ ಕರಿ ಪದರ ಕಟ್ಟಿತ್ತು. ಬಟ್ಟೆಯಲ್ಲಿ ಒರೆಸಿದೆ, ಏನೂ ಕಾಣಲಿಲ್ಲ. ಹೋಸನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದಾಗ ಬೆರಳಿನ ಗೆಣ್ಣಿನಷ್ಟು ಉದ್ದದ ಸೀಳು ಬಾಯಿ ಬಿಟ್ಟಿತು. ಕೈ ಬಿಟ್ಟರೆ ಮತ್ತೆ ಮುಚ್ಚಿಕೊಂಡಿತು. ಖಾಲಿ ಗಾಡಿಯಲ್ಲಿ ಏನೂ ಗೊತ್ತಾಗದಿರಲು ಇದೇ ಕಾರಣ. ಒತ್ತಡ ಏರಿದಾಗ ಮಾತ್ರ ಸೀಳು ತೆರೆಯುತ್ತಿತ್ತು, ಕಟ್ಟಿದ ಗಾಳಿ ಅಲ್ಲೇ ಹೊರಗೆ ಹೋಗುತ್ತಿತ್ತು.

ಹೋಸ್ ಬದಲಿಸುವುದು ದೊಡ್ಡ ಕೆಲಸವಲ್ಲ. ಪೈಪಿನ ತುದಿಯ ಎಣ್ಣೆಯನ್ನು ಚೆನ್ನಾಗಿ ಒರೆಸಬೇಕು, ಇಲ್ಲದಿದ್ದರೆ ಒತ್ತಡಕ್ಕೆ ಹೋಸ್ ಕ್ಲಾಂಪಿನಿಂದ ಜಾರಿ ಕಳಚಿಕೊಳ್ಳುತ್ತದೆ. ಬ್ರಾಕೆಟ್ಟನ್ನು ಸ್ವಲ್ಪ ಬಗ್ಗಿಸಿ ಅಂತರ ಕೊಟ್ಟೆ. ಮತ್ತೆ ಅದೇ ಲೋಡ್, ಅದೇ ಏರು. ಕೇಳಿದ 220ಕ್ಕೆ 215 ಬಂತು, ಹೊಗೆ ನಿಂತಿತು. ಟರ್ಬೊ ಬಿಚ್ಚಿಸಿದ್ದರೆ ಹೊಸ ಟರ್ಬೊ ಕೂಡ ಅದೇ ಸೀಳು ಹೋಸಿಗೆ ಗಾಳಿ ಊದುತ್ತಿತ್ತು.

ಗಾಡಿ ಎಳೆಯತೊಡಗಿದ ಮೇಲೆ ಬಿಸಿಯ ತಲೆನೋವು ಶುರುವಾಯಿತು. ಉದ್ದ ಏರಿನಲ್ಲಿ ಕೂಲಂಟ್ (ಎಂಜಿನ್ ತಣಿಸುವ ದ್ರವ) ಶಾಖ 106 ಡಿಗ್ರಿಗೆ ಹೋಗುತ್ತಿತ್ತು. ಡ್ಯಾಶ್‌ಬೋರ್ಡಿನ ಮುಳ್ಳು ಮಾತ್ರ ನಡುವೆಯೇ ಇತ್ತು. ಎಷ್ಟೋ ಗಾಡಿಗಳಲ್ಲಿ ಮುಳ್ಳು ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ, ಅದು ಮೇಲೆದ್ದಾಗ ತಡವಾಗಿರುತ್ತದೆ. ರೇಡಿಯೇಟರ್ ಹೊರಗಿನಿಂದ ಚೊಕ್ಕ. ಟಾರ್ಚ್ ಬಿಟ್ಟು ನೋಡಿದರೆ ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಧೂಳು, ಹುಳ, ಒಣಗಿದ ಎಲೆ ಸೇರಿ ಕಂಬಳಿ ಹಾಸಿದಂತಿತ್ತು. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆದೆ. ಜೋರಾಗಿ ಹೊಡೆದರೆ ಫಿನ್ನುಗಳು ಮಲಗಿಬಿಡುತ್ತವೆ. ಬಿಸಿಯಾದಾಗ ಫ್ಯಾನನ್ನು ಜೋರಾಗಿ ತಿರುಗಿಸುವ ಫ್ಯಾನ್ ಕ್ಲಚ್ ಸರಿಯಿತ್ತು, ಈಗ 97ರ ಮೇಲೆ ಹೋಗುತ್ತಿಲ್ಲ.

ಇನ್ನು ಲೋಡಿನ ಕಡೆ. ಒಟ್ಟು ತೂಕ ಮಿತಿಯೊಳಗಿದ್ದರೆ ಸಾಕು ಅಂದುಕೊಳ್ಳುವವರು ಬಹಳ ಜನ. ಹಿಂದಿನ ಆ್ಯಕ್ಸಲ್‌ಗೆ ಬೇರೆಯೇ ಮಿತಿ ಇದೆ. ವೇಬ್ರಿಡ್ಜ್ ಮೇಲೆ ಮುಂದಿನ ಚಕ್ರ ಮಾತ್ರ ಹತ್ತಿಸಿ ಒಮ್ಮೆ, ಪೂರ್ತಿ ಗಾಡಿ ಹತ್ತಿಸಿ ಒಮ್ಮೆ ತೂಗಿದರೆ ವ್ಯತ್ಯಾಸದಲ್ಲಿ ಹಿಂದಿನದು ಸಿಗುತ್ತದೆ. ವೀಲ್‌ಬೇಸ್ (ಮುಂದಿನ, ಹಿಂದಿನ ಆ್ಯಕ್ಸಲ್‌ಗಳ ನಡುವಿನ ಅಂತರ) 3 ಮೀಟರ್ ಇರುವ ಗಾಡಿಯಲ್ಲಿ ಹಿಂದಿನ ಆ್ಯಕ್ಸಲ್‌ನಿಂದ 1 ಮೀಟರ್ ಹಿಂದಕ್ಕೆ 300 ಕಿಲೋ ಇಟ್ಟರೆ ಹಿಂದೆ ಬೀಳುವ ಭಾರ 400 ಕಿಲೋ. ಮುಂದಿನ ಚಕ್ರದಿಂದ 100 ಕಿಲೋ ಎದ್ದುಬಿಡುತ್ತದೆ. ಸ್ಟೀರಿಂಗ್ ಹಗುರ, ಮುಂದಿನ ಬ್ರೇಕಿಗೆ ಹಿಡಿತ ಕಡಿಮೆ. ಅದಕ್ಕೇ ಭಾರದ್ದೆಲ್ಲ ಈಗ ಕ್ಯಾಬಿನ್ ಗೋಡೆಗೆ ಒತ್ತಿಕೊಂಡು, ಆ್ಯಕ್ಸಲ್‌ಗಿಂತ ಮುಂದೆ. ಟೈರಿನ ಲೋಡ್ ಇಂಡೆಕ್ಸ್ ಕೂಡ ನೋಡಿಕೊಂಡೆ. 104 ಎಂದರೆ ಒಂದು ಟೈರಿಗೆ 900 ಕಿಲೋ, ಅದೂ ಹೇಳಿದಷ್ಟು ಗಾಳಿ ತುಂಬಿಸಿದ್ದರೆ.

‘ಒಂದೆರಡು ಲೀಫ್ ಜಾಸ್ತಿ ಹಾಕಿಸು, ಹಿಂದೆ ಕುಗ್ಗಲ್ಲ’ ಎಂಬ ಸಲಹೆಯೂ ಬಂತು. ನಾನು ಒಪ್ಪಲಿಲ್ಲ. ಲೀಫ್ ಹಾಕಿದರೆ ಕುಗ್ಗುವುದು ನಿಲ್ಲುತ್ತದೆ, ಮಿತಿ ಏರುವುದಿಲ್ಲ. ಬೇರಿಂಗ್, ಬ್ರೇಕ್, ಟೈರು, ಚಾಸಿ ಎಲ್ಲ ಹಳೇವೇ. ಇನ್ನೊಂದನ್ನು ಯಾರೂ ಹೇಳುವುದಿಲ್ಲ. ನನ್ನದೂ ಸೇರಿ ಹಲವು ಪಿಕಪ್‌ಗಳಲ್ಲಿ ಚಾಸಿಯಿಂದ ಹಿಂದಿನ ಆ್ಯಕ್ಸಲ್‌ಗೆ ಸಣ್ಣ ಸರಳು ಜೋಡಿಸಿದ ಒಂದು ಬ್ರೇಕ್ ವಾಲ್ವ್ ಇರುತ್ತದೆ. ಹಿಂದೆ ಎಷ್ಟು ಕುಗ್ಗಿದೆ ಎಂದು ನೋಡಿಯೇ ಅದು ಹಿಂದಿನ ಬ್ರೇಕಿಗೆ ಒತ್ತಡ ಬಿಡುವುದು. ಲೀಫ್ ಸೇರಿಸಿ ಹಿಂಭಾಗ ಎತ್ತಿದರೆ ಅದರ ಪಾಲಿಗೆ ಗಾಡಿ ಖಾಲಿ. ಪೂರ್ತಿ ಲೋಡ್ ಇದ್ದರೂ ಹಿಂದಿನ ಬ್ರೇಕ್ ಅರೆಬರೆ ಹಿಡಿಯುತ್ತದೆ.

ಒಂದು ಬಾಕಿ ಉಳಿದಿದೆ. ಲೋಡ್ ಇದ್ದಾಗ ಗಾಡಿ ನಿಂತಲ್ಲಿಂದ ಹೊರಡುವ ಕ್ಷಣದಲ್ಲಿ ಸೀಟಿನ ಕೆಳಗೆ ಒಂದು ನಡುಕ. ವೇಗ ಹಿಡಿದ ಮೇಲೆ ಇರುವುದಿಲ್ಲ. ಗೇರ್‌ಬಾಕ್ಸಿನಿಂದ ಹಿಂದಿನ ಆ್ಯಕ್ಸಲ್‌ಗೆ ತಿರುಗುವ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ನಡುವೆ ಹಿಡಿದಿರುವ ಸೆಂಟರ್ ಬೇರಿಂಗ್ ಮೇಲೆ ನನಗೆ ಅನುಮಾನ. ಅದರ ರಬ್ಬರ್ ಸೋತಿದ್ದರೆ ಹೀಗೇ ಆಗುತ್ತದೆ. ಗಾಡಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಕೆಳಗೆ ಹೋಗಿ ಕೈಯಲ್ಲಿ ಅಲ್ಲಾಡಿಸಿ ನೋಡಬೇಕು.