ಪ್ಯಾಕೆಟ್ ಬೀಳಿಸಿ ಟಿಸಿಪಿ ಕಲಿತ ಬಗೆ

ಐದನೇ ಸೆಮಿಸ್ಟರ್‌ನಲ್ಲಿ ನೆಟ್‌ವರ್ಕ್ ವಿಷಯದಲ್ಲೇ ನಪಾಸಾದೆ. ನೆಟ್‌ವರ್ಕ್ ಕೆಲಸವನ್ನು ಹಂಚಿಕೊಳ್ಳುವ ಏಳು ಪದರಗಳು ಬಾಯಿಪಾಠವಾಗಿದ್ದವು. ಟಿಸಿಪಿಯಲ್ಲಿ (ಕಂಪ್ಯೂಟರ್‌ಗಳು ದತ್ತಾಂಶವನ್ನು ಪ್ಯಾಕೆಟ್ ಎಂಬ ತುಂಡುಗಳಾಗಿ, ಕಳೆಯದಂತೆ ಕಳಿಸುವ ನಿಯಮ) ನಡುವೆ ಒಂದು ಆ್ಯಕ್, ಅಂದರೆ ತಲುಪಿತು ಎಂಬ ಮರುಸಂದೇಶ, ಕಳೆದುಹೋದರೆ ಮುಂದೇನು ಎಂಬ ಪ್ರಶ್ನೆಗೆ ಮಾತ್ರ ಪೆನ್ನು ಓಡಲಿಲ್ಲ. ಇನ್ನು ನೋಟ್ಸ್ ಮುಟ್ಟುವುದಿಲ್ಲ, ತಂತಿಯಲ್ಲಿ ಹೋಗುವ ಪ್ಯಾಕೆಟ್‌ಗಳನ್ನೇ ನೋಡಿ ಕಲಿಯುತ್ತೇನೆ ಎಂದೆ. ಕೊಠಡಿಯ ಗೆಳೆಯರು ಅದರಿಂದ ಅಂಕ ಬರುವುದಿಲ್ಲ ಎಂದರು. ಮೇಷ್ಟ್ರೊಬ್ಬರು, "ಮೊದಲು ಪಾಸಾಗು, ಸಂಶೋಧನೆ ಆಮೇಲೆ ಮಾಡುವಿಯಂತೆ" ಎಂದರು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 400 ರೂಪಾಯಿಗೆ ಹಳೆಯ ರೂಟರ್ ತಂದೆ. ತಂತ್ರಾಂಶ ಕೂರುವ ಫ್ಲ್ಯಾಶ್ ಮೆಮೊರಿ ಬರೀ 4 ಎಂಬಿ. ರೂಟರ್‌ಗೆ ಹಾಕುವ ಮುಕ್ತ ತಂತ್ರಾಂಶ ಓಪನ್‌ಡಬ್ಲ್ಯುಆರ್‌ಟಿಯ ಈಗಿನ ಆವೃತ್ತಿ ಅದರಲ್ಲಿ ಹಿಡಿಯುವುದಿಲ್ಲ. ಎರಡನೆಯದಕ್ಕೆ 650 ಕೊಟ್ಟೆ. 9 ವೋಲ್ಟ್‌ನ ಅದಕ್ಕೆ 12 ವೋಲ್ಟ್‌ನ ಅಡಾಪ್ಟರ್ ಚುಚ್ಚಿದೆ, ಸುಟ್ಟ ವಾಸನೆ ಬಂತು, ಅಲ್ಲಿಗೆ ಮುಗಿಯಿತು. ಮೂರನೆಯದು 1,100. ಸೀರಿಯಲ್ ಕೇಬಲ್, ತಂತಿ ಎಲ್ಲ ಸೇರಿ 2,600ರ ಆಸುಪಾಸು. ಅಪ್ಪ ಪುಸ್ತಕಕ್ಕೆಂದು ಕಳಿಸಿದ್ದ ಹಣ ಅದು.

ನನ್ನ ಲ್ಯಾಪ್‌ಟಾಪ್, ನಡುವೆ ರೂಟರ್, ಆಚೆ ತುದಿಗೆ ಗೆಳೆಯನ ಹಳೆಯ ಲ್ಯಾಪ್‌ಟಾಪ್. ರೂಟರ್‌ನಲ್ಲಿ ನೆಟ್‌ಎಂ (ಕೆಟ್ಟ ಸಂಪರ್ಕವನ್ನು ಅನುಕರಿಸುವ ಲಿನಕ್ಸ್ ಸಲಕರಣೆ) ಹಾಕಿ ವಿಳಂಬ, ನಷ್ಟ ಎರಡನ್ನೂ ನಾನೇ ಉಂಟುಮಾಡುತ್ತಿದ್ದೆ. ಎರಡೂ ತುದಿಯಲ್ಲಿ ಪ್ಯಾಕೆಟ್ ಹಿಡಿದು ತೋರಿಸುವ ತಂತ್ರಾಂಶ ವೈರ್‌ಶಾರ್ಕ್. ಮೊದಲ ವಾರ ಪೂರ್ತಿ ಹಾಳಾಯಿತು: ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1500 ಇರುವಾಗ 2962 ಬೈಟ್‌ಗಳ ಪ್ಯಾಕೆಟ್ ಕಾಣುತ್ತಿತ್ತು. ತುಂಡು ಮಾಡುವ ಕೆಲಸವನ್ನು ನೆಟ್‌ವರ್ಕ್ ಕಾರ್ಡಿಗೆ ಬಿಡಲಾಗಿದೆ, ವೈರ್‌ಶಾರ್ಕ್ ನೋಡುವುದು ಅದಕ್ಕೂ ಮೊದಲು ಎಂದು ಗೊತ್ತಾಗುವಷ್ಟರಲ್ಲಿ ತಲೆ ಕೆಟ್ಟಿತ್ತು. ಕಾರ್ಡಿನ ಹೊಂದಿಕೆ ಬದಲಿಸುವ ಈಥ್‌ಟೂಲ್‌ನಲ್ಲಿ, ಹೀಗೆ ತುಂಡು ಮಾಡುವ, ಜೋಡಿಸುವ ಸೌಲಭ್ಯಗಳಾದ ಟಿಎಸ್‌ಒ, ಜಿಎಸ್‌ಒ, ಜಿಆರ್‌ಒ ಮೂರನ್ನೂ ಆರಿಸಿದ ಮೇಲೆ ಲೆಕ್ಕ ಸರಿಹೋಯಿತು.

ಎರಡು ಯಂತ್ರಗಳ ನಡುವಿನ ದಿನಕ್ಕೊಂದು ಸಂಭಾಷಣೆ ಹಿಡಿದು, ಬಾಣದ ಗುರುತು ಹಾಕಿ, ಕೈಯಲ್ಲೇ ಚಿತ್ರ ಬರೆಯುತ್ತಿದ್ದೆ. ನಪಾಸು ಮಾಡಿದ ಪ್ರಶ್ನೆಯ ಉತ್ತರ ಹತ್ತನೆಯ ದಿನವೋ ಏನೋ ಕಣ್ಣೆದುರೇ ಬಂತು: ಮುಂದಿನ ಆ್ಯಕ್ ತಲುಪಿದರೆ ಹಿಂದಿನದರ ಲೆಕ್ಕವೂ ಚುಕ್ತಾ. ಚಿತ್ರ ಬರೆದ ಮೇಲೆಯೇ ಟಿಸಿಪಿಯ ಅಧಿಕೃತ ವಿವರಣೆಯಾದ ಆರ್‌ಎಫ್‌ಸಿ 9293 ತೆರೆಯುತ್ತಿದ್ದೆ. 1981ರ 793ರ ಜಾಗಕ್ಕೆ 2022ರಲ್ಲಿ ಬಂದದ್ದು ಅದು. ಬೇಕಾದ ಒಂದೇ ಪ್ಯಾಕೆಟ್ ಬೀಳಿಸಲು ನಾನು ಬರೆದ ನಿಯಮವನ್ನು ಇಲ್ಲಿ ಕೊಡುವುದಿಲ್ಲ. ಅದನ್ನು ಹುಡುಕುವುದರಲ್ಲೇ ನಾನು ಅರ್ಧ ಕಲಿತದ್ದು.

ರಜೆಯಲ್ಲಿ ಹಾಸನದ ಮನೆಗೆ ಅದೇ ರೂಟರ್ ಹಾಕಿದೆ. ಫೈರ್‌ವಾಲ್ ನಿಯಮಗಳನ್ನೆಲ್ಲ ಅಳಿಸಿ ನಾನೇ ಬರೆದೆ. ಪಿಂಗ್ (ಆಚೆ ಯಂತ್ರ ಇದೆಯೇ ಎಂದು ಕೇಳುವ ಪ್ಯಾಕೆಟ್) ಹೋಗುತ್ತದೆ, ಡಿಎನ್‌ಎಸ್ (ತಾಣದ ಹೆಸರಿಗೆ ವಿಳಾಸ ಹೇಳುವ ಸೇವೆ) ಬರುತ್ತದೆ, ಕೆಲವು ತಾಣಗಳು ಮಾತ್ರ ತೆರೆಯುವುದಿಲ್ಲ. ಅಮ್ಮನ ವಿದ್ಯುತ್ ಬಿಲ್ಲು ಕಟ್ಟಲು ಆಗಲಿಲ್ಲ. ಪ್ಯಾಕೆಟ್ ಹಿಡಿದು ನೋಡಿದರೆ ಸಂಪರ್ಕ ಶುರುಮಾಡುವ ಟಿಸಿಪಿ ಹ್ಯಾಂಡ್‌ಶೇಕ್ ಸರಿಯಾಗಿಯೇ ಮುಗಿದಿದೆ. ಸರ್ವರ್‌ನಿಂದ ಬರಬೇಕಾದ, ತಾಣದ ಗುರುತು ಸಾಬೀತುಮಾಡುವ ಪ್ರಮಾಣಪತ್ರದ ದೊಡ್ಡ ತುಂಡುಗಳು ನಾಪತ್ತೆ, ಕೊನೆಯ ಚಿಕ್ಕ ತುಂಡು ಮಾತ್ರ ಬಂದು ಕೂತಿದೆ. ಒಡೆಯದಂತೆ ಗುರುತು ಹಾಕಿ ಪಿಂಗ್ ಮಾಡಿದೆ: 1464 ಬೈಟ್ ಹೋಯಿತು, 1465 ಹೋಗಲಿಲ್ಲ. ಪಿಂಗ್‌ನ ಹೆಡರ್‌ಗಳ 28 ಸೇರಿಸಿದರೆ 1492. ಬ್ರಾಡ್‌ಬ್ಯಾಂಡ್ ಸಂಪರ್ಕಕ್ಕೆ ಬಳಸುವ ಪಿಪಿಪಿಒಇ 1500ರಲ್ಲಿ 8 ಬೈಟ್ ತಿನ್ನುತ್ತದಲ್ಲ! ಪ್ಯಾಕೆಟ್ ದೊಡ್ಡದಾಯಿತು ಎಂದು ಸರ್ವರ್‌ಗೆ ತಿಳಿಸುವ ಐಸಿಎಂಪಿ ಸಂದೇಶ ದಾರಿಯಲ್ಲೆಲ್ಲೋ ತಡೆಹಿಡಿಯಲ್ಪಟ್ಟಿತ್ತು. ಒಂದು ಪ್ಯಾಕೆಟ್‌ನಲ್ಲಿ ಹೆಡರ್ ಬಿಟ್ಟು ಹಿಡಿಯುವ ದತ್ತಾಂಶದ ಮಿತಿಯಾದ ಎಂಎಸ್‌ಎಸ್ ಅನ್ನು 1452ಕ್ಕೆ ಇಳಿಸುವ ಸಾಲನ್ನು ನಾನೇ ಅಳಿಸಿಬಿಟ್ಟಿದ್ದೆ. ಮತ್ತೆ ಸೇರಿಸಿದೆ, ಐದು ನಿಮಿಷದಲ್ಲಿ ಬಿಲ್ಲು ಕಟ್ಟಿಯಾಯಿತು. ನಾಲ್ಕು ತಿಂಗಳಲ್ಲಿ ಅಷ್ಟು ಸಂತೋಷ ಇನ್ನಾವುದರಲ್ಲೂ ಆಗಿಲ್ಲ.

ನಡುವೆ ಬಿಬಿಆರ್ ಹುಚ್ಚು ಹಿಡಿಯಿತು. ಟಿಸಿಪಿ ಎಷ್ಟು ವೇಗದಲ್ಲಿ ಕಳಿಸಬೇಕೆಂದು ನಿರ್ಧರಿಸುವ ವಿಧಾನಗಳಲ್ಲಿ ಒಂದು ಅದು. 100 ಮಿಲಿಸೆಕೆಂಡ್ ವಿಳಂಬ, ನೂರಕ್ಕೆ 2 ನಷ್ಟ ಇಟ್ಟಾಗ ಲಿನಕ್ಸ್‌ನ ಮಾಮೂಲಿ ವಿಧಾನ ಕ್ಯೂಬಿಕ್ ಸೆಕೆಂಡಿಗೆ 1 ಮೆಗಾಬಿಟ್‌ನ ಆಸುಪಾಸಿಗೆ ಕುಸಿಯಿತು. ಅದೇ ತಂತಿಯಲ್ಲಿ ಬಿಬಿಆರ್ ಅದರ ಹತ್ತಾರು ಪಟ್ಟು ಎಳೆಯಿತು. ಪಠ್ಯದಲ್ಲಿ ಇಲ್ಲದ ವಿಷಯ, ಎರಡು ವಾರ ಹೋಯಿತು, ಬೇಸರವಿಲ್ಲ.

ಮರುಪರೀಕ್ಷೆಯಲ್ಲಿ 70ರ ಮೇಲೆ ಬಂತು, 72 ಇರಬೇಕು. ವೈವಾದಲ್ಲಿ ಅದೇ ಮೇಷ್ಟ್ರು ನನ್ನ ಚಿತ್ರಗಳ ಪುಸ್ತಕ ತಿರುವಿಹಾಕಿ, ಲ್ಯಾಬಿಗೆ ಒಂದು ಪ್ರತಿ ಕೇಳಿದರು. 1,100ರ ರೂಟರ್ ಈಗ ಕೊಠಡಿಯ ಗೆಳೆಯನ ಮೇಜಿನ ಮೇಲಿದೆ. ನಾನು ಟಿಸಿಪಿಯ ಕೆಲಸವನ್ನೇ ಗೂಢಲಿಪಿಯಲ್ಲಿ ಮಾಡುವ ಹೊಸ ನಿಯಮ ಕ್ವಿಕ್ ಹಿಡಿದು ಕೂತಿದ್ದೇನೆ. ಅದರಲ್ಲಿ ಕೀಲಿಗಳನ್ನು ಮೊದಲೇ ಉಳಿಸಿಕೊಳ್ಳದಿದ್ದರೆ ವೈರ್‌ಶಾರ್ಕ್‌ಗೆ ಒಳಗಿನದು ಹೆಚ್ಚೇನೂ ಕಾಣುವುದಿಲ್ಲ.